ಅಮ್ಮನ ತಲೆಸುತ್ತಿಗೆ ಫಿಸಿಯೋಥೆರಪಿ ಅಂತಾರೆ, ಯಾರಾದರೂ ಮಾಡಿಸಿದ್ದೀರಾ?

ಬೆಣ್ಣೆದೋಸೆ_ದಾವಣಗೆರೆ
ಅಮ್ಮನಿಗೆ 63 ವರ್ಷ. ಕೆಲವು ತಿಂಗಳಿಂದ ತಲೆಸುತ್ತು. ಹಾಸಿಗೆಯಲ್ಲಿ ಬಲ ಮಗ್ಗುಲಿಗೆ ಹೊರಳಿದರೆ ಸಾಕು, ಇಡೀ ಕೋಣೆ ಗಿರಗಿರ ತಿರುಗುತ್ತದಂತೆ. ಅರ್ಧ ನಿಮಿಷದಲ್ಲಿ ನಿಲ್ಲುತ್ತದೆ. ಆದರೆ ಅಷ್ಟು ಹೊತ್ತು ಮಂಚದ ಅಂಚು ಬಿಗಿಯಾಗಿ ಹಿಡಿದುಕೊಂಡು "ಬಿದ್ದೆ, ಬಿದ್ದೆ" ಅಂತ ಕೂಗುತ್ತಾರೆ. ಮೇಲಿನ ಶೆಲ್ಫಿನಿಂದ ಡಬ್ಬ ತೆಗೆಯುವಾಗಲೂ ಹೀಗೇ ಆಗುತ್ತದೆ.

ಬಿಪಿ, ಶುಗರ್ ಎರಡೂ ಸರಿ ಇವೆ. ಕತ್ತಿನ ಎಕ್ಸ್‌ರೇ ತೆಗೆಸಿ "ಮೂಳೆ ಸವೆದಿದೆ, ಸ್ಪಾಂಡಿಲೋಸಿಸ್" ಅಂತ ಹೇಳಿ ಕಾಲರ್ ಹಾಕಿಸಿದರು. ಜೊತೆಗೆ ತಲೆಸುತ್ತಿನ ಮಾತ್ರೆ, ದಿನಕ್ಕೆ ಮೂರು ಹೊತ್ತು. ಮಾತ್ರೆ ನುಂಗಿದರೆ ನಿದ್ದೆ ಬರುತ್ತದೆ, ತಲೆಸುತ್ತು ಹೋಗುವುದಿಲ್ಲ. ಈಗ ಯಾರಾದರೂ ಕರೆದರೆ ಅಮ್ಮ ಕತ್ತು ತಿರುಗಿಸುವುದಿಲ್ಲ, ಇಡೀ ಮೈಯನ್ನೇ ತಿರುಗಿಸಿ ನೋಡುತ್ತಾರೆ.

ನಮ್ಮ ಚಿಕ್ಕಪ್ಪನ ಮಗಳು "ಇದಕ್ಕೆ ಫಿಸಿಯೋ ಇದೆ" ಅನ್ನುತ್ತಿದ್ದಾಳೆ. ಫಿಸಿಯೋ ಅಂದರೆ ಮಂಡಿನೋವು, ಸೊಂಟನೋವಿಗೆ ಅಲ್ವಾ? ತಲೆಸುತ್ತಿಗೆ ಅವರೇನು ಮಾಡುತ್ತಾರೆ?

ಕಷಾಯಪ್ರಿಯ
ಪಿತ್ತ ಕೆರಳಿದೆ ಅಷ್ಟೆ. ಕೊತ್ತಂಬರಿ, ಜೀರಿಗೆ ಕಷಾಯ ಬೆಳಿಗ್ಗೆ ಖಾಲಿ ಹೊಟ್ಟೆಗೆ ಕೊಡಿ. ಕಾಫಿ ಬಿಡಿಸಿ.

ಸೊರಬದ_ಸೊಸೆ
ಕಷಾಯ ನಾನೂ ಕುಡಿದೆ. ರುಚಿಯಾಗಿತ್ತು. ತಲೆಸುತ್ತು ಇದ್ದಲ್ಲೇ ಇತ್ತು.

ನನಗೂ ನಿಮ್ಮ ಅಮ್ಮನ ಹಾಗೇ, ಎಡ ಮಗ್ಗುಲಿಗೆ ಬರುತ್ತಿತ್ತು. ಕೊನೆಗೆ ಒಬ್ಬ ಇಎನ್‌ಟಿ ಡಾಕ್ಟರು ಮಂಚದ ಮೇಲೆ ಕೂರಿಸಿ, ತಲೆಯನ್ನು ಎಡಕ್ಕೆ ತಿರುಗಿಸಿ, ಸರಕ್ಕನೆ ಹಿಂದಕ್ಕೆ ಮಲಗಿಸಿದರು. ತಲೆ ಮಂಚದಿಂದ ಆಚೆ ಸ್ವಲ್ಪ ಕೆಳಗೆ ಜೋತಿತ್ತು. ಎರಡು ಕ್ಷಣ ಏನೂ ಇಲ್ಲ. ಆಮೇಲೆ ಶುರುವಾಯಿತು ನೋಡಿ, ಫ್ಯಾನು, ಗೋಡೆ, ಡಾಕ್ಟರು ಎಲ್ಲಾ ಒಟ್ಟಿಗೆ ಸುತ್ತಿದರು. ಕಣ್ಣು ಮುಚ್ಚಲು ಬಿಡಲಿಲ್ಲ. "ಕಣ್ಣು ಬಿಡಮ್ಮ, ನನಗೆ ಕಣ್ಣೇ ನೋಡಬೇಕಾಗಿರೋದು" ಅಂದರು. ಅಲ್ಲಿಂದ ತಲೆಯನ್ನು ಬಲಕ್ಕೆ ತಿರುಗಿಸಿದರು. ಆಮೇಲೆ ಮೈಯನ್ನೂ ಬಲಕ್ಕೆ ಹೊರಳಿಸಿ ಮೂಗು ನೆಲ ನೋಡುವ ಹಾಗೆ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಎಬ್ಬಿಸಿದರು. ಅಷ್ಟೇ ಚಿಕಿತ್ಸೆ. ಸಂಜೆ ಮಂಚದಲ್ಲಿ ಎರಡೂ ಕಡೆ ಹೊರಳಿ ಹೊರಳಿ ನೋಡಿದೆ, ಬರಲಿಲ್ಲ.

ಫಿಸಿಯೋ_ಮೈಸೂರು
ಬೆಣ್ಣೆದೋಸೆಯವರೇ, ನಾನು ಫಿಸಿಯೋಥೆರಪಿಸ್ಟ್. ತಲೆಸುತ್ತು, ಬ್ಯಾಲೆನ್ಸ್ ಕೇಸುಗಳನ್ನೇ ಜಾಸ್ತಿ ನೋಡುತ್ತೇನೆ. ರೋಗಿಯನ್ನು ನೋಡದೆ ಇದೇ ಕಾಯಿಲೆ ಅಂತ ಹೇಳಬಾರದು. ಆದರೂ ಹೊರಳಿದಾಗ ಬರುವುದು, ಒಂದು ನಿಮಿಷದೊಳಗೆ ನಿಲ್ಲುವುದು, ತಲೆ ಮೇಲೆತ್ತಿದರೂ ಬರುವುದು, ಇವೆಲ್ಲ ಕೂಡಿದರೆ ಮೊದಲ ಅನುಮಾನ ಬಿಪಿಪಿವಿ ಮೇಲೆ, ಅಂದರೆ ಒಳಕಿವಿಯ ಹರಳು ಜಾಗ ತಪ್ಪಿ ಬರುವ ತಲೆಸುತ್ತು. ಸೊರಬದವರಿಗೆ ಆಗಿದ್ದೂ ಅದೇ ಇರಬೇಕು.

ಒಳಕಿವಿಯಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ತೀರಾ ಸಣ್ಣ ಹರಳುಗಳಿವೆ. ತಲೆ ಯಾವ ಕಡೆ ವಾಲಿದೆ ಅಂತ ಮಿದುಳಿಗೆ ಗೊತ್ತಾಗುವುದು ಇವುಗಳ ಭಾರದಿಂದ. ವಯಸ್ಸಾದಾಗ, ಇಲ್ಲವೇ ತಲೆಗೆ ಏಟು ಬಿದ್ದಾಗ, ಕೆಲವು ಹರಳು ಕಳಚಿಕೊಂಡು ಪಕ್ಕದ ಅರ್ಧವೃತ್ತದ ಕೊಳವೆಯೊಳಗೆ ಸೇರುತ್ತವೆ. ಆ ಕೊಳವೆಯಲ್ಲಿ ದ್ರವ ಇದೆ. ತಲೆ ತಿರುಗಿದ ಸುದ್ದಿಯನ್ನು ಮಿದುಳಿಗೆ ಕಳಿಸುವುದು ಅದರ ಕೆಲಸ. ಮಲಗಿದಾಗ ಹರಳು ಜಾರುತ್ತದೆ, ದ್ರವವನ್ನು ಎಳೆಯುತ್ತದೆ. ತಲೆ ಸುಮ್ಮನಿದ್ದರೂ "ತಿರುಗುತ್ತಿದೆ" ಅನ್ನುವ ಸುಳ್ಳು ಸುದ್ದಿ ಹೋಗುತ್ತದೆ. ಹರಳು ಜಾರಿ ಒಂದು ಕಡೆ ನಿಂತ ಮೇಲೆ ತಲೆಸುತ್ತೂ ನಿಲ್ಲುತ್ತದೆ.

ಪತ್ತೆ ಮಾಡಲು ಸ್ಕ್ಯಾನ್ ಬೇಡ, ಮಂಚ ಸಾಕು. ಡಿಕ್ಸ್-ಹಾಲ್‌ಪೈಕ್ ಅನ್ನುವ ಪರೀಕ್ಷೆ, 1952ರಿಂದ ಇದೆ. ಮಲಗಿಸಿದಾಗ ಕಣ್ಣುಗುಡ್ಡೆ ಅದುರುವ ರೀತಿ ನೋಡಿದರೆ ಯಾವ ಕಿವಿ, ಯಾವ ಕೊಳವೆ ಅಂತ ತಿಳಿಯುತ್ತದೆ. ಆಮೇಲೆ ಹರಳನ್ನು ಬಂದ ದಾರಿಯಲ್ಲೇ ವಾಪಸ್ ಕಳಿಸುವುದು. ಅದಕ್ಕೆ ಎಪ್ಲಿ ವಿಧಾನ ಅಂತಾರೆ. ಅಮೆರಿಕದ ಒರೆಗಾನಿನ ಡಾಕ್ಟರ್ ಜಾನ್ ಎಪ್ಲಿ 1992ರಲ್ಲಿ ಇದನ್ನು ಪ್ರಕಟಿಸಿದರು. ಹೆಚ್ಚಿನವರಿಗೆ ಒಂದೆರಡು ಸಲದಲ್ಲೇ ಗುಣ. ಮರುಕಳಿಸುವುದೂ ಉಂಟು, ಆಗ ಮತ್ತೆ ಮಾಡಿದರಾಯಿತು. "ರಾತ್ರಿಯಿಡೀ ಕುಳಿತೇ ನಿದ್ದೆ ಮಾಡಿ" ಅಂತ ಹಿಂದೆಲ್ಲ ಹೇಳುತ್ತಿದ್ದರು, ಅದರ ಅಗತ್ಯವಿಲ್ಲ.

ಕಾಲರ್ ಬಗ್ಗೆ ಒಂದು ಮಾತು. 60 ದಾಟಿದ ಹೆಚ್ಚಿನವರ ಕತ್ತಿನ ಎಕ್ಸ್‌ರೇಯಲ್ಲಿ ಸವೆತ ಕಂಡೇ ಕಾಣುತ್ತದೆ. ಹಾಗಂತ ತಲೆಸುತ್ತಿಗೆ ಅದೇ ಕಾರಣ ಅಂತ ಅಲ್ಲ. ನನ್ನ ಹತ್ತಿರ ಬರುವವರಲ್ಲಿ ಕಾಲರ್ ಹಾಕಿಕೊಂಡೇ ಬರುವವರು ಎಷ್ಟೋ ಜನ. ನನಗಂತೂ ನೋಡಿ ನೋಡಿ ಸಿಟ್ಟು ಬರುತ್ತದೆ.

ಹಳೇ_ಮೇಷ್ಟ್ರು
ಒಂದು ಸಂಶಯ. ಎಂಬಿಬಿಎಸ್ ಓದಿದವರು ಕೊಟ್ಟ ಮಾತ್ರೆ ಬಿಟ್ಟು, ತಲೆ ಅಲ್ಲಾಡಿಸಿ ಅನ್ನುವವರ ಮಾತು ಕೇಳಬೇಕೇ? ತಲೆ ಸುತ್ತುವವರಿಗೆ ತಲೆ ಅಲ್ಲಾಡಿಸು ಅನ್ನುವುದು ಯಾವ ನ್ಯಾಯ?

ಫಿಸಿಯೋ_ಮೈಸೂರು
ಮೇಷ್ಟ್ರೇ, ಡಾಕ್ಟರನ್ನು ಬಿಡಿ ಅಂತ ನಾನು ಹೇಳುತ್ತಿಲ್ಲ. ಯಾವ ತಲೆಸುತ್ತು ಅಂತ ಮೊದಲು ಗೊತ್ತಾಗಬೇಕು. ಅದು ಇಎನ್‌ಟಿ ಅಥವಾ ನರರೋಗ ತಜ್ಞರ ಕೆಲಸ. ಎದ್ದು ನಿಂತಾಗ ಬಿಪಿ ಇಳಿದು ಕಣ್ಣು ಕತ್ತಲೆ ಬರುವುದೇ ಬೇರೆ, ಮೈಗ್ರೇನಿನ ತಲೆಸುತ್ತೇ ಬೇರೆ, ಕಿವಿಯಲ್ಲಿ ಗುಂಯ್ ಅಂದು ಗಂಟೆಗಟ್ಟಲೆ ಸುತ್ತುವ ಮೆನಿಯರ್ ಕಾಯಿಲೆಯೇ ಬೇರೆ. ಎಲ್ಲಕ್ಕೂ ಒಂದೇ ಮಾತ್ರೆ ಕೊಟ್ಟರೆ ಹೇಗೆ?

ತಲೆ ಯಾಕೆ ಅಲ್ಲಾಡಿಸಬೇಕು ಅಂತ ಕೇಳಿದಿರಿ. ಒಳಕಿವಿಯ ನರಕ್ಕೆ ಸೋಂಕು ತಗುಲಿ ಒಂದು ಕಡೆ ಕೆಲಸ ನಿಲ್ಲಿಸಿತು ಅಂತಿಟ್ಟುಕೊಳ್ಳಿ. ಮೊದಲ ಎರಡು ಮೂರು ದಿನ ಜಗತ್ತು ನಿಲ್ಲದೆ ಸುತ್ತುತ್ತದೆ, ವಾಂತಿ ಬೇರೆ. ಆಗ ಮಾತ್ರೆ ಬೇಕು, ಬೇಡ ಅನ್ನುವುದಿಲ್ಲ. ಆದರೆ ಅದಾದ ಮೇಲೆ ಎರಡು ಕಿವಿಗಳ ಲೆಕ್ಕ ತಪ್ಪಿದ್ದನ್ನು ಮಿದುಳು ತಾನೇ ಸರಿಪಡಿಸಿಕೊಳ್ಳಬೇಕು. ಅದಕ್ಕೆ ಎಲ್ಲಿ ತಪ್ಪುತ್ತಿದೆ ಅಂತ ಅದು ಅನುಭವಿಸಲೇಬೇಕು. ಅಲುಗಾಡದೆ ಮಲಗಿದರೆ, ತಿಂಗಳುಗಟ್ಟಲೆ ಮಾತ್ರೆಯಿಂದ ಮಂಕಾಗಿದ್ದರೆ, ಕಲಿಯಲು ಅವಕಾಶವೇ ಸಿಗುವುದಿಲ್ಲ. ವಯಸ್ಸಾದವರಲ್ಲಿ ಸಿನ್ನಾರಿಜಿನ್, ಪ್ರೊಕ್ಲೋರ್‌ಪೆರಜಿನ್ ತುಂಬಾ ಕಾಲ ನಡೆದರೆ ಕೈನಡುಕ, ಮೈ ಬಿಗಿತ ಬರುವುದೂ ಇದೆ, ನೋಡಿದವರು ಪಾರ್ಕಿನ್‌ಸನ್ ಅಂದುಕೊಳ್ಳಬೇಕು, ಹಾಗೆ. ಆದರೆ ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ, ಕೊಟ್ಟವರನ್ನೇ ಕೇಳಿ.

ಇದು ನಿನ್ನೆ ಮೊನ್ನೆಯ ವಿಚಾರವಲ್ಲ. 1940ರ ದಶಕದಲ್ಲಿ, ಯುದ್ಧದ ಸಮಯ, ಇಂಗ್ಲೆಂಡಿನಲ್ಲಿ ತಲೆಗೆ ಪೆಟ್ಟಾದ ಸೈನಿಕರಿಗೆ ಕಾಥಾರ್ನ್ ಮತ್ತು ಕುಕ್ಸಿ ಎಂಬ ಇಬ್ಬರು ವೈದ್ಯರು ವ್ಯಾಯಾಮ ಮಾಡಿಸಿದರು. ಕಣ್ಣು ಆಡಿಸುವುದು, ತಲೆ ಆಡಿಸುವುದು, ಚೆಂಡು ಎಸೆದು ಹಿಡಿಯುವುದು, ಇಳಿಜಾರಿನಲ್ಲಿ ಹತ್ತಿ ಇಳಿಯುವುದು. ಬೇಗ ಎದ್ದು ಓಡಾಡಿದವರೇ ಬೇಗ ಸುಧಾರಿಸಿದರು ಅನ್ನುವುದು ಅವರು ಕಂಡದ್ದು.

ಹಳೇ_ಮೇಷ್ಟ್ರು
ಇದು ಸ್ವಾರಸ್ಯವಾಗಿದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದವನು, ಹಾಗಾಗಿ ಒಂದು ಸೇರಿಸುತ್ತೇನೆ. ವಿಯೆನ್ನಾದ ಕಿವಿ ಡಾಕ್ಟರ್ ರಾಬರ್ಟ್ ಬಾರಾನಿ ರೋಗಿಗಳ ಕಿವಿಗೆ ನೀರು ಬಿಟ್ಟು ತೊಳೆಯುವಾಗ ಅವರಿಗೆ ತಲೆ ಸುತ್ತುತ್ತಿತ್ತು. ನೀರು ತಣ್ಣಗಿದ್ದರೆ ಕಣ್ಣು ಒಂದು ಕಡೆಗೆ ಅದುರುವುದು, ಬಿಸಿ ಇದ್ದರೆ ಇನ್ನೊಂದು ಕಡೆಗೆ. ಅದರ ಬೆನ್ನು ಹತ್ತಿ ಒಳಕಿವಿಯ ಕೆಲಸ ತಿಳಿಸಿಕೊಟ್ಟರು, 1914ರ ನೊಬೆಲ್ ಬಂತು. ಬಂದಾಗ ಪುಣ್ಯಾತ್ಮ ರಷ್ಯಾದಲ್ಲಿ ಯುದ್ಧಕೈದಿ!

ನೀವೂ ಒಂದು ಪ್ರಯೋಗ ಮಾಡಿ. ಪೇಪರನ್ನು ಮುಖದ ಮುಂದೆ ಹಿಡಿದು ಪೇಪರನ್ನೇ ಅತ್ತಿತ್ತ ಬೇಗ ಬೇಗ ಆಡಿಸಿ. ಅಕ್ಷರ ಓದಲು ಆಗುವುದಿಲ್ಲ. ಈಗ ಪೇಪರನ್ನು ಅಲುಗಾಡಿಸದೆ ತಲೆಯನ್ನು ಅಷ್ಟೇ ವೇಗದಲ್ಲಿ ಆಡಿಸಿ. ಓದಬಹುದು. ತಲೆ ಬಲಕ್ಕೆ ಹೋದಷ್ಟೇ ಕಣ್ಣು ಎಡಕ್ಕೆ ಹೋಗುವಂತೆ ಒಳಕಿವಿ ನೋಡಿಕೊಳ್ಳುತ್ತದೆ. ಪಾಠ ಮಾಡುವಾಗ ಈ ಪ್ರಯೋಗ ಮಾಡಿಸಿದರೆ ಮಕ್ಕಳು ಅರ್ಧ ಗಂಟೆ ತಲೆ ಆಡಿಸುತ್ತಲೇ ಇರುತ್ತಿದ್ದರು.

ಫಿಸಿಯೋ_ಮೈಸೂರು
ಮೇಷ್ಟ್ರೇ, ನೀವು ಹೇಳಿದ ಎರಡನೇ ಪ್ರಯೋಗವೇ ನಮ್ಮ ಮುಖ್ಯ ವ್ಯಾಯಾಮ! ಗೋಡೆಗೆ ಒಂದು ಅಕ್ಷರ ಅಂಟಿಸಿ, ಅದನ್ನೇ ನೋಡುತ್ತಾ ತಲೆ ಆಡಿಸಬೇಕು, ಅಕ್ಷರ ಮಸುಕಾಗದಷ್ಟೇ ವೇಗ. ಒಂದು ನಿಮಿಷ, ದಿನಕ್ಕೆ ನಾಲ್ಕೈದು ಸಲ. ಮೊದಲು ಕುಳಿತು, ಆಮೇಲೆ ನಿಂತು, ಆಮೇಲೆ ನಡೆಯುತ್ತಾ. ಸ್ವಲ್ಪ ತಲೆಸುತ್ತು ಬರಬೇಕು, ವಾಂತಿ ಬರುವಷ್ಟು ಬೇಡ. ಬೆಣ್ಣೆದೋಸೆಯವರ ಅಮ್ಮನಿಗೆ ಮೊದಲು ಬೇಕಾಗಿರುವುದು ಇದಲ್ಲ, ಹರಳು ವಾಪಸ್ ಕಳಿಸುವುದು. ಕಾಯಿಲೆ ಬೇರೆ, ವ್ಯಾಯಾಮ ಬೇರೆ.

ಕಿವಿಗೆ ನೀರು ಬಿಡುವ ಪರೀಕ್ಷೆ ಈಗಲೂ ಇದೆ, 30 ಡಿಗ್ರಿ ಮತ್ತು 44 ಡಿಗ್ರಿ ನೀರಲ್ಲಿ.

ರೀಲ್ಸ್_ರಾಣಿ
ಎಪ್ಲಿ ವೀಡಿಯೊ ಬೇಕಾದಷ್ಟಿವೆ. ನೋಡಿಕೊಂಡು ಮನೆಯಲ್ಲೇ ಮಾಡಿಸಿದರೆ ಆಗಲ್ವಾ? ಸುಮ್ನೆ ದುಡ್ಡು ಯಾಕೆ?

ಫಿಸಿಯೋ_ಮೈಸೂರು
ಮೊದಲ ಸಲ ಬೇಡ. ಯಾವ ಕಿವಿ ಅಂತ ತಪ್ಪಿದರೆ ಪ್ರಯೋಜನ ಇಲ್ಲ. ಕೆಲವೊಮ್ಮೆ ಹರಳು ಪಕ್ಕದ ಅಡ್ಡ ಕೊಳವೆಯಲ್ಲಿ ಇರುತ್ತದೆ, ಅದಕ್ಕೆ ಉರುಳಿಸುವ ಕ್ರಮವೇ ಬೇರೆ. ಕತ್ತಿನ ಆಪರೇಷನ್ ಆದವರು, ಕತ್ತಿನ ರಕ್ತನಾಳದ ತೊಂದರೆ ಇರುವವರು, ರೆಟಿನಾ ಚಿಕಿತ್ಸೆ ಈಚೆಗೆ ಆದವರು ಹೇಳಿಯೇ ಮಾಡಿಸಿಕೊಳ್ಳಬೇಕು. ಒಮ್ಮೆ ಪತ್ತೆಯಾಗಿ, ಕಲಿಸಿಕೊಟ್ಟ ಮೇಲೆ ಮನೆಯಲ್ಲಿ ಧಾರಾಳವಾಗಿ ಮಾಡಬಹುದು.

ನರ್ಸಕ್ಕ
ಎಮರ್ಜೆನ್ಸಿಯಲ್ಲಿ ಕೆಲಸ ಮಾಡುವವಳಾಗಿ ಹೇಳುತ್ತೇನೆ. ತಲೆಸುತ್ತಿನ ಜೊತೆ ಮಾತು ತೊದಲಿದರೆ, ಎರಡೆರಡು ಕಂಡರೆ, ಒಂದು ಕೈ ಅಥವಾ ಕಾಲು ಸೋತರೆ, ಮುಖ ಸೊಟ್ಟಗಾದರೆ, ಹಿಡಿದುಕೊಂಡರೂ ನಿಲ್ಲಲು ಆಗದಿದ್ದರೆ, ಹಿಂದೆಂದೂ ಬರದಂಥ ತಲೆನೋವು ಬಂದರೆ, ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದಾದರೆ ಎಪ್ಲಿನೂ ಬೇಡ ಕಷಾಯನೂ ಬೇಡ. ಸೀದಾ 108ಕ್ಕೆ ಫೋನ್ ಮಾಡಿ. ಸ್ಟ್ರೋಕ್ ಇರಬಹುದು.

ಎಡಗೈ_ಓಪನರ್
ನಮಸ್ಕಾರ ಎಲ್ಲರಿಗೂ. ನನ್ನದು ಸ್ವಲ್ಪ ಬೇರೆ. ಹುಬ್ಬಳ್ಳಿ, ಡಿಗ್ರಿ ಕೊನೇ ವರ್ಷ. ಇಂಟರ್ ಕಾಲೇಜ್ ಮ್ಯಾಚಲ್ಲಿ ಲೆದರ್ ಬಾಲ್ ಹೆಲ್ಮೆಟ್ಟಿಗೆ ಬಡಿಯಿತು. ಎಚ್ಚರ ತಪ್ಪಲಿಲ್ಲ. ಆಡಿದೆ ಕೂಡ. ಆದರೆ ಸ್ಕೋರ್ ಎಷ್ಟು ಅಂತ ಅಂಪೈರನ್ನು ಮತ್ತೆ ಮತ್ತೆ ಕೇಳಿದೆನಂತೆ. ಸಿಟಿ ಸ್ಕ್ಯಾನ್ ನಾರ್ಮಲ್. "ಕತ್ತಲೆ ಕೋಣೆಯಲ್ಲಿ ಮಲಗು, ಮೊಬೈಲ್ ಮುಟ್ಟಬೇಡ" ಅಂದರು. ಮಲಗಿ ಮಲಗಿ ಇನ್ನೂ ಕೆಟ್ಟೆ. ವಾರಗಳೇ ಕಳೆದರೂ ಪುಸ್ತಕ ಹಿಡಿದರೆ ತಲೆನೋವು. ದುರ್ಗದಬೈಲು ಮಾರ್ಕೆಟ್ಟಿನ ಗದ್ದಲದಲ್ಲಿ ನಡೆದರೆ ನೆಲವೇ ತೇಲಿದ ಹಾಗೆ. ಕೋಚ್ "ನಾಟಕ ಸಾಕು, ನೆಟ್ಸ್‌ಗೆ ಬಾ" ಅಂತಾರೆ. ಸ್ಕ್ಯಾನ್ ನಾರ್ಮಲ್ ಇದ್ದರೆ ಇದೆಲ್ಲ ಯಾಕೆ ಆಗುತ್ತದೆ?

ಮೆಲ್ಬರ್ನ್_ಮಾವ
ತಮ್ಮಾ, ನೆಟ್ಸ್‌ಗೆ ಹೋಗಬೇಡ. ನಮ್ಮ ಮಗ ಇಲ್ಲಿ ಕ್ಲಬ್ ಫುಟ್ಬಾಲ್ ಆಡುತ್ತಾನೆ. ಆಸ್ಟ್ರೇಲಿಯಾದ ಕ್ರೀಡಾ ಸಂಸ್ಥೆ 2024ರಲ್ಲಿ ಕೊಟ್ಟ ಸೂಚನೆ ಪ್ರಕಾರ, ಸಮುದಾಯ ಮಟ್ಟದ ಆಟಗಾರರು ಮತ್ತು ಮಕ್ಕಳು ತಲೆಗೆ ಏಟಾದ ಮೇಲೆ ಕಡಿಮೆ ಅಂದರೂ 21 ದಿನ ಮೈಗೆ ಮೈ ತಾಗುವ ಪಂದ್ಯ ಆಡುವಂತಿಲ್ಲ. ತೊಂದರೆ ಎಲ್ಲ ಹೋಗಿ 14 ದಿನ ಆಗುವ ತನಕ ಅಂಥ ಪ್ರಾಕ್ಟೀಸೂ ಇಲ್ಲ. ಇಲ್ಲಿ ಕೋಚ್ ಎದುರು ವಾದ ಮಾಡುವ ಪ್ರಸಂಗವೇ ಇಲ್ಲ, ರೂಲ್ ಅಂದರೆ ರೂಲ್.

ನಿಮ್ಮ ಕೋಚ್‌ಗೆ 2019ರ ಲಾರ್ಡ್ಸ್ ಟೆಸ್ಟ್ ನೆನಪಿಸು. ಆರ್ಚರ್ ಬಾಲು ಸ್ಟೀವ್ ಸ್ಮಿತ್ ಕತ್ತಿಗೆ ಬಡಿಯಿತು. ಅವತ್ತು ಎದ್ದು ಬಂದು ಆಡಿದ, ಮರುದಿನ ಬೆಳಿಗ್ಗೆ ಸರಿ ಇರಲಿಲ್ಲ. ಅವನ ಬದಲು ಲಬುಶೇನ್ ಬಂದ. ಟೆಸ್ಟ್‌ನಲ್ಲಿ ಕನ್ಕಷನ್ (ಏಟಿನಿಂದ ಮಿದುಳಿನ ಕೆಲಸ ಏರುಪೇರಾಗುವುದು) ಬದಲಿ ಆಟಗಾರ ಅಂತ ಬಂದಿದ್ದು ಅದೇ ಮೊದಲು.

ಫಿಸಿಯೋ_ಮೈಸೂರು
ಓಪನರ್, ಸಿಟಿ ಸ್ಕ್ಯಾನಿನಲ್ಲಿ ಕಾಣುವುದು ರಕ್ತಸ್ರಾವ, ಮೂಳೆಮುರಿತ. ಕನ್ಕಷನ್‌ನಲ್ಲಿ ಕೆಡುವುದು ಮಿದುಳಿನ ಕೆಲಸ, ಆಕಾರ ಅಲ್ಲ. ಆದ್ದರಿಂದ ಸ್ಕ್ಯಾನ್ ಸಾಮಾನ್ಯವಾಗಿ ನಾರ್ಮಲ್ಲೇ ಬರುತ್ತದೆ. ಎಚ್ಚರ ತಪ್ಪಲೇಬೇಕು ಅಂತಲೂ ಇಲ್ಲ, ಹೆಚ್ಚಿನವರಿಗೆ ತಪ್ಪುವುದಿಲ್ಲ. ಸ್ಕೋರ್ ಮತ್ತೆ ಮತ್ತೆ ಕೇಳಿದ್ದೇ ಸಾಕ್ಷಿ. ಅವತ್ತೇ ನಿನ್ನನ್ನು ಹೊರಗೆ ಕರೆಯಬೇಕಿತ್ತು.

ಕತ್ತಲೆ ಕೋಣೆಯ ಕಾಲ ಮುಗಿಯಿತು. 2022ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಕ್ರೀಡಾ ಕನ್ಕಷನ್ ತಜ್ಞರ ಸಮ್ಮೇಳನ ನಡೆಯಿತು, ಮರುವರ್ಷ ಅವರ ಒಮ್ಮತದ ಹೇಳಿಕೆ ಬಂತು. ಮೊದಲ 24ರಿಂದ 48 ಗಂಟೆ ವಿಶ್ರಾಂತಿ, ಮೊಬೈಲ್ ಕಡಿಮೆ. ಆಗಲೂ ಮನೆಯೊಳಗೆ ಓಡಾಡಬಹುದು. ಆಮೇಲೆ ನಡಿಗೆ, ನಿಂತಲ್ಲೇ ತುಳಿಯುವ ಸೈಕಲ್ ಹೀಗೆ ಶುರು ಮಾಡಬೇಕು. ಎಷ್ಟು ಅಂದರೆ, ತಲೆನೋವಿಗೆ 10ಕ್ಕೆ ಇಷ್ಟು ಅಂತ ಅಂಕ ಕೊಡು. ನಡೆದಾಗ ಅದು 2 ಅಂಕದಷ್ಟು ಏರಿ ಒಂದು ಗಂಟೆಯೊಳಗೆ ಇಳಿದರೆ ಪರವಾಗಿಲ್ಲ. ಅದಕ್ಕಿಂತ ಜಾಸ್ತಿಯಾದರೆ ನಿಲ್ಲಿಸಿ, ಮರುದಿನ ಸ್ವಲ್ಪ ಕಡಿಮೆ ಮಾಡು.

ನಿನಗೆ ವಾರಗಳೇ ಆಗಿವೆ. ಹಾಗಾಗಿ ಮೊದಲು ಡಾಕ್ಟರ್ ಹತ್ತಿರ ಮತ್ತೊಮ್ಮೆ ತೋರಿಸು. ಆಮೇಲೆ ಫಿಸಿಯೋ ನೋಡಬೇಕಾದದ್ದು ಬಹಳ ಇದೆ. ಚೆಂಡು ಬಡಿದಾಗ ಕತ್ತೂ ಉಳುಕಿರುತ್ತದೆ, ತಲೆನೋವಿನ ಅರ್ಧ ಪಾಲು ಅಲ್ಲಿಂದಲೇ ಬರಬಹುದು. ಹರಳು ಕಳಚಿರಬಹುದು, ನಿನ್ನ ವಯಸ್ಸಿನಲ್ಲೂ ಏಟಿನ ನಂತರ ಬಿಪಿಪಿವಿ ಬರುತ್ತದೆ. ಅದನ್ನು ಯಾರೂ ಪರೀಕ್ಷಿಸದೆ ಬಿಟ್ಟಿರುತ್ತಾರೆ. ಓದುವಾಗಿನ ತಲೆನೋವಿಗೆ ಒಂದು ಪೆನ್ನನ್ನು ನಿಧಾನವಾಗಿ ಮೂಗಿನ ಕಡೆ ತಂದು ನೋಡು. ತುಂಬಾ ದೂರದಲ್ಲೇ ಎರಡು ಪೆನ್ನು ಕಂಡರೆ ಎರಡೂ ಕಣ್ಣು ಒಟ್ಟಿಗೆ ಒಳಮುಖವಾಗಿ ಬರುತ್ತಿಲ್ಲ ಅಂತ ಅರ್ಥ. ಅದಕ್ಕೂ ವ್ಯಾಯಾಮ ಇದೆ.

ದುರ್ಗದಬೈಲಿನಲ್ಲಿ ತೇಲಿದ ಹಾಗೆ ಆಗುವುದು ಇನ್ನೊಂದು ಕಥೆ. ಒಳಕಿವಿಯ ಮೇಲೆ ನಂಬಿಕೆ ಕಳೆದುಕೊಂಡ ಮಿದುಳು ಕಣ್ಣನ್ನೇ ನೆಚ್ಚಿಕೊಂಡಿರುತ್ತದೆ. ಸುತ್ತ ಜನ, ಗಾಡಿ, ತೂಗುಹಾಕಿದ ಬಟ್ಟೆ ಎಲ್ಲಾ ಅಲುಗಾಡಿದರೆ ತಾನೇ ಅಲುಗಾಡಿದ ಹಾಗೆ ಅನಿಸುತ್ತದೆ. ಹಾಗಂತ ಅಲ್ಲಿಗೆ ಹೋಗುವುದನ್ನೇ ಬಿಟ್ಟರೆ ಅದು ಇನ್ನೂ ಗಟ್ಟಿಯಾಗುತ್ತದೆ. ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಹೋಗು, ಐದು ನಿಮಿಷ ನಡೆ, ವಾಪಸ್ ಬಾ. ಆಮೇಲೆ ಸ್ವಲ್ಪ ಜನ ಇರುವ ಹೊತ್ತು.

ನಾಟಕ ಅನ್ನುವ ಕೋಚ್‌ಗೆ ಡಾಕ್ಟರ್ ಚೀಟಿ ತೋರಿಸು. ಪೂರ್ತಿ ಗುಣವಾಗುವ ಮುಂಚೆ ಮತ್ತೊಂದು ಏಟು ಬಿದ್ದರೆ ಅಪಾಯ ಸಣ್ಣದಲ್ಲ. ಬಡಿಸಿಕೊಂಡ ಆ ಹೆಲ್ಮೆಟ್ಟನ್ನೂ ಬದಲಾಯಿಸು.

ಎಡಗೈ_ಓಪನರ್
ಪೆನ್ನು ಎರಡಾಗಿ ಕಾಣುತ್ತಿದೆ ಮೇಡಂ, ಒಂದು ಗೇಣು ದೂರದಲ್ಲೇ! ಯಾರೂ ಇದನ್ನು ನೋಡಿರಲಿಲ್ಲ. ಪರೀಕ್ಷೆ ಹತ್ತಿರ ಬರುತ್ತಿದೆ, ಅದೇ ಚಿಂತೆ.

ಫಿಸಿಯೋ_ಮೈಸೂರು
ಕಾಲೇಜಿನಲ್ಲಿ ಡಾಕ್ಟರ್ ಪತ್ರ ಕೊಟ್ಟು ಹೆಚ್ಚಿನ ಸಮಯ ಕೇಳು. ಓದುವುದನ್ನು ಇಪ್ಪತ್ತು ನಿಮಿಷದ ತುಂಡು ಮಾಡಿಕೋ. ನಡುವೆ ಎದ್ದು ನಡೆ, ಮೊಬೈಲ್ ನೋಡಬೇಡ.

ಬಳ್ಳಾರಿ_ಬಿಸಿಲು
ಅಪ್ಪನಿಗೆ 78, ಶುಗರ್ ಇದೆ. ಅವರಿಗೆ ಸುತ್ತುವುದಿಲ್ಲ, ಆದರೆ ಜೋಲಿ ಹೊಡೆಯುತ್ತದೆ. ಅದರಲ್ಲೂ ಬಚ್ಚಲುಮನೆಯಲ್ಲಿ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದರೆ ಹಿಂದಕ್ಕೆ ವಾಲುತ್ತಾರೆ. ಇದಕ್ಕೂ ಕಿವಿಯೇ ಕಾರಣವೇ?

ಫಿಸಿಯೋ_ಮೈಸೂರು
ನೀವು ಗಮನಿಸಿದ್ದು ತುಂಬಾ ಮುಖ್ಯವಾದದ್ದು. ನಾವು ನೆಟ್ಟಗೆ ನಿಲ್ಲುವುದು ಕಣ್ಣು, ಒಳಕಿವಿ, ಪಾದದ ಸ್ಪರ್ಶ ಈ ಮೂರರ ಆಧಾರದಲ್ಲಿ. ಶುಗರಿನಿಂದ ಪಾದದ ಸ್ಪರ್ಶ ಹೋಗಿದ್ದರೆ ಅಪ್ಪ ಕಣ್ಣಿನ ಬಲದಲ್ಲೇ ನಿಂತಿದ್ದಾರೆ. ಸೋಪು ಹಚ್ಚಿದಾಗ ಅದೂ ಹೋಯಿತು. ರಾತ್ರಿ ಕತ್ತಲಲ್ಲಿ ಏಳುವಾಗಲೂ ಇದೇ ಅಪಾಯ.

ಮಲಗಿದಾಗ ಒಮ್ಮೆ, ಎದ್ದು ನಿಂತ ಒಂದು ಮತ್ತು ಮೂರನೇ ನಿಮಿಷಕ್ಕೆ ಒಮ್ಮೆ ಬಿಪಿ ನೋಡಿಸಿ. ಮೇಲಿನ ಅಂಕಿ 20 ಅಥವಾ ಹೆಚ್ಚು ಇಳಿದರೆ ಡಾಕ್ಟರಿಗೆ ತಿಳಿಸಿ, ಮಾತ್ರೆ ಬದಲಿಸಬೇಕಾಗಬಹುದು. ಈಚೆಗೆ ಆಸ್ಪತ್ರೆಯಲ್ಲಿದ್ದು ಜೆಂಟಾಮೈಸಿನ್ ಇಂಜೆಕ್ಷನ್ ತೆಗೆದುಕೊಂಡಿದ್ದರೆ ಅದನ್ನೂ ಹೇಳಿ. ಕೆಲವರಲ್ಲಿ ಅದು ಎರಡೂ ಕಿವಿಯ ಬ್ಯಾಲೆನ್ಸ್ ಕೆಡಿಸುತ್ತದೆ, ನಡೆಯುವಾಗ ಎದುರಿನ ಬೋರ್ಡೆಲ್ಲ ಕುಣಿಯುತ್ತದೆ.

ಮನೆಯಲ್ಲಿ ಇವತ್ತೇ ಮಾಡಬಹುದಾದದ್ದು: ಅವರು ಸ್ಟೂಲಿನ ಮೇಲೆ ಕುಳಿತೇ ಸ್ನಾನ ಮಾಡಲಿ, ಗೋಡೆಗೆ ಹಿಡಿ ಹಾಕಿಸಿ, ಮಂಚದಿಂದ ಬಚ್ಚಲಿನವರೆಗೆ ರಾತ್ರಿ ದೀಪ ಉರಿಯಲಿ. ವ್ಯಾಯಾಮವನ್ನು ಕೋಣೆಯ ಮೂಲೆಯಲ್ಲಿ ಮಾಡಿಸಿ. ಹಿಂದೆ ಎರಡು ಗೋಡೆ, ಮುಂದೆ ಕುರ್ಚಿ, ಯಾವ ಕಡೆಗೂ ಬೀಳುವಂತಿಲ್ಲ. ಪಾದ ಜೋಡಿಸಿ ನಿಲ್ಲುವುದು, ಆಮೇಲೆ ಒಂದು ಪಾದ ಸ್ವಲ್ಪ ಮುಂದೆ. ಪಕ್ಕದಲ್ಲಿ ಒಬ್ಬರು ಇರಲೇಬೇಕು. "ಬೀಳ್ತೀರಿ, ಕೂತ್ಕೊಳ್ಳಿ" ಅಂತ ದಿನವಿಡೀ ಕೂರಿಸಬೇಡಿ, ಕಾಲಿನ ಶಕ್ತಿಯೂ ಹೋಗುತ್ತದೆ.

ಬೆಣ್ಣೆದೋಸೆ_ದಾವಣಗೆರೆ
ಅಮ್ಮನನ್ನು ಇಎನ್‌ಟಿಗೆ ತೋರಿಸಿದೆವು. ಬಲಗಿವಿ ಬಿಪಿಪಿವಿನೇ. ಮಲಗಿಸಿದಾಗ ಅಮ್ಮ ಡಾಕ್ಟರ ಕೋಟು ಹಿಡಿದು ಎಳೆದು ಗುಂಡಿ ಕಿತ್ತರು. ಎಪ್ಲಿ ಮಾಡಿ, ಮುಂದಿನ ವಾರ ಬರಹೇಳಿದ್ದಾರೆ. ಹೊರಳಿದರೆ ಸುತ್ತುವುದು ನಿಂತಿದೆ. ಆದರೆ ಭಯ ಹೋಗಿಲ್ಲ, ಇನ್ನೂ ಬಲಕ್ಕೆ ಮಲಗುತ್ತಿಲ್ಲ. ಅಲ್ಲಿನ ಫಿಸಿಯೋ ಬಲಕ್ಕೇ ಮಲಗಬೇಕು ಅಂತ ಹಟ ಹಿಡಿದಿದ್ದಾರೆ. ವಿಟಮಿನ್ ಡಿ ಪರೀಕ್ಷೆಗೂ ಬರೆದಿದ್ದಾರೆ, ಅದಕ್ಕೂ ಇದಕ್ಕೂ ಏನು ಸಂಬಂಧ?

ಫಿಸಿಯೋ_ಮೈಸೂರು
ವಿಟಮಿನ್ ಡಿ ಕಡಿಮೆ ಇದ್ದವರಿಗೆ ಅದನ್ನೂ ಕ್ಯಾಲ್ಸಿಯಮ್ಮನ್ನೂ ಕೊಟ್ಟಾಗ ಮರುಕಳಿಸುವುದು ಕಡಿಮೆಯಾಯಿತು ಅಂತ 2020ರಲ್ಲಿ ಕೊರಿಯಾದ ಅಧ್ಯಯನ ತೋರಿಸಿದೆ. ಒಳ್ಳೆಯ ಡಾಕ್ಟರೇ ಸಿಕ್ಕಿದ್ದಾರೆ. ಗುಂಡಿ ಹೊಲಿಸಿಕೊಡಿ.

ಕಷಾಯಪ್ರಿಯ
ಎಪ್ಲಿ ಆದ ಮೇಲೆ ಕಷಾಯ ಕುಡಿಯಬಹುದಲ್ವಾ?

ಫಿಸಿಯೋ_ಮೈಸೂರು
ಧಾರಾಳವಾಗಿ.

ಅಡಿಕೆತೋಟ_ಶಿರಸಿ
ತಡವಾಗಿ ಬಂದೆ, ಕ್ಷಮಿಸಿ. ನಮ್ಮ ಕೊನೆಗೌಡ (ಮರ ಹತ್ತಿ ಅಡಿಕೆ ಗೊನೆ ಇಳಿಸುವವ) ಈ ಸಲ ಮರದಿಂದ ಜಾರಿ ಬಿದ್ದ. ಪುಣ್ಯಕ್ಕೆ ಎತ್ತರ ಕಡಿಮೆ ಇತ್ತು. ತಲೆಗೆ ಪೆಟ್ಟು, ಆಸ್ಪತ್ರೆಯಲ್ಲಿಟ್ಟುಕೊಂಡು ಸ್ಕ್ಯಾನ್ ಸರಿ ಇದೆ ಅಂತ ಕಳಿಸಿದರು. ಈಗ ನೆಲದ ಮೇಲೆ ಆರಾಮಾಗಿ ಓಡಾಡುತ್ತಾನೆ. ತಲೆ ಎತ್ತಿ ಕೊನೆ ನೋಡಿದರೆ ಮಾತ್ರ "ತಿರುಗ್ತು" ಅಂತಾನೆ. ಕೊಯ್ಲು ಬರುವಷ್ಟರಲ್ಲಿ ಮರ ಹತ್ತುತ್ತೇನೆ ಅಂತ ಕೂತಿದ್ದಾನೆ. ಹತ್ತಿಸಬಹುದೇ?

ಫಿಸಿಯೋ_ಮೈಸೂರು
ಈಗಂತೂ ಬೇಡವೇ ಬೇಡ. ಏಟಿನ ನಂತರ ತಲೆ ಎತ್ತಿದಾಗ ಸುತ್ತುವುದು ಅಂದರೆ ಮೊದಲು ಹರಳಿನ ಪರೀಕ್ಷೆ. ಅದೇ ಆಗಿದ್ದರೆ ಬೇಗ ಸರಿಹೋಗುತ್ತದೆ. ಅದಾದ ಮೇಲೂ ಮರಕ್ಕೆ ಅವಸರ ಮಾಡಬೇಡಿ. ನೆಲದ ಮೇಲೆ ನಡೆಯುತ್ತಾ ತಲೆಯನ್ನು ಮೇಲೆ ಕೆಳಗೆ, ಅತ್ತ ಇತ್ತ ತಿರುಗಿಸಿದರೆ ದಾರಿ ತಪ್ಪಬಾರದು. ಕಣ್ಣು ಮುಚ್ಚಿ ನಿಂತರೆ ತೂರಾಡಬಾರದು. ಬೆವರು ಬರುವಷ್ಟು ದುಡಿದರೂ ತಲೆನೋವು ಬರಬಾರದು. ಇಷ್ಟಾದ ಮೇಲೆ ಡಾಕ್ಟರ್ ಒಪ್ಪಿದರೆ ಮುಂದಿನ ಮಾತು. ಹತ್ತಿದರೂ ಸೊಂಟಕ್ಕೆ ಸೇಫ್ಟಿ ಬೆಲ್ಟ್ ಇರಲಿ, ಮರದಿಂದ ಮರಕ್ಕೆ ಹಾರುವುದು ಬೇಡ.

ಅಡಿಕೆತೋಟ_ಶಿರಸಿ
ಹಾಗಾದರೆ ಕಾರ್ಬನ್ ಫೈಬರ್ ದೋಟಿ ಕೊಟ್ಟು ನೆಲದಲ್ಲಿ ನಿಂತೇ ಕೊಯ್ಯಿಸಲೇ?

ಫಿಸಿಯೋ_ಮೈಸೂರು
ದೋಟಿ ಹಿಡಿದವರೂ ದಿನವಿಡೀ ತಲೆ ಎತ್ತಿಯೇ ನಿಲ್ಲಬೇಕಲ್ಲ! ಮೇಲಿಂದ ಕೊನೆ ಬೀಳುವಾಗ ಸರಿದುಕೊಳ್ಳಲೂ ಬೇಕು. ಪರೀಕ್ಷೆ ಆಗುವವರೆಗೆ ಅದೂ ಬೇಡ. ಕುಳಿತು ಮಾಡುವ ಕೆಲಸ ಏನಿದೆ ನೋಡಿ, ಕೂಲಿ ಮಾತ್ರ ಕಡಿಮೆ ಮಾಡಬೇಡಿ. ಕಡಿಮೆ ಮಾಡಿದರೆ ಪಕ್ಕದ ತೋಟದಲ್ಲಿ ಮರ ಹತ್ತುತ್ತಾನೆ.

ಅಡಿಕೆತೋಟ_ಶಿರಸಿ
ಅದು ನಿಜ, ಪಕ್ಕದವರು ಆಗಲೇ ಕೇಳಿದ್ದಾರಂತೆ. ಸುಲಿಯುವ ಕಡೆ ಹಾಕುತ್ತೇನೆ, ಕೊಯ್ಲಿನ ಕೂಲಿಯನ್ನೇ ಕೊಡುತ್ತೇನೆ. ಗುರುವಾರ ಇಎನ್‌ಟಿ ಡಾಕ್ಟರು ಸಿಗುತ್ತಾರೆ, ನಾನೇ ಕರೆದುಕೊಂಡು ಹೋಗುತ್ತೇನೆ. ಬೈಕಲ್ಲಿ ಹಿಂದೆ ಕೂರಿಸಬಹುದೇ, ಇಲ್ಲ ಬಸ್ಸೇ?

ನರ್ಸಕ್ಕ
ಬಸ್ಸು. ಕಿಟಕಿ ಪಕ್ಕ ಕೂರಿಸಿ, ವಾಂತಿಗೆ ಒಂದು ಕವರ್ ಇಟ್ಟುಕೊಳ್ಳಿ. ಡಿಸ್ಚಾರ್ಜ್ ಪೇಪರ್ ಮರೆಯಬೇಡಿ.